ಹಳೆಯ ವ್ಯಾಕ್ಯೂಮ್ ಕ್ಲೀನರ್: ಕೊಳ್ಳುವುದರಿಂದ ಮತ್ತೆ ಓಡಿಸುವವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ವ್ಯಾಕ್ಯೂಮ್ ಕ್ಲೀನರ್ ಕೈಗೆ ಸಿಕ್ಕ ಕೂಡಲೇ ಪ್ಲಗ್ ಹಾಕಿ, ತಿರುಗುತ್ತದೆಯೇ ನೋಡೋಣ ಎನಿಸುತ್ತದೆ. ದಯವಿಟ್ಟು ಹಾಕಬೇಡಿ. ದಶಕಗಳ ಕಾಲ ಅಟ್ಟದ ಮೇಲಿದ್ದ ಯಂತ್ರದಲ್ಲಿ ಗ್ರೀಸ್ ಗಟ್ಟಿಕಟ್ಟಿರುತ್ತದೆ, ವೈರಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತದೆ, ವೈಂಡಿಂಗ್ (ಮೋಟರಿನ ತಂತಿ ಸುರುಳಿ) ಥಂಡಿ ಹೀರಿಕೊಂಡಿರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲೇ ಆರ್ಮೇಚರ್ (ಮೋಟರಿನಲ್ಲಿ ತಿರುಗುವ ಭಾಗ) ಸುಟ್ಟರೆ ಅದಕ್ಕೆ ಹೊಸದು ಎಲ್ಲೂ ಸಿಗುವುದಿಲ್ಲ. ರಿವೈಂಡಿಂಗ್ ಮಾಡಿಸಬಹುದು, ಆದರೆ ಅಷ್ಟು ವೇಗದಲ್ಲಿ ತಿರುಗುವ ಆರ್ಮೇಚರನ್ನು ಸುತ್ತಿದ ಮೇಲೆ ಬ್ಯಾಲೆನ್ಸ್ ಮಾಡಿಕೊಡುವವರು ವಿರಳ. ಮೊದಲು ದೂಳು, ಆಮೇಲೆ ವೈರು, ಆಮೇಲೆ ಮೋಟರ್. ಹೊಳಪಿನ ಕೆಲಸ ಕಟ್ಟಕಡೆಗೆ.

ಇಲ್ಲಿ ಹೇಳುವುದು 1920ರಿಂದ 1960ರ ದಶಕದವರೆಗಿನ ಎರಡು ಬಗೆಯ ಯಂತ್ರಗಳ ಬಗ್ಗೆ. ಒಂದು, ಹಿಡಿಗೆ ಬಟ್ಟೆಯ ಚೀಲ ನೇತುಬಿದ್ದ ಅಪ್‌ರೈಟ್. ಇನ್ನೊಂದು, ಪೈಪ್ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋಗುವ ಸಿಲಿಂಡರ್.

ಯಾವುದನ್ನು ಹುಡುಕಬೇಕು

1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಪೇಟೆಂಟ್ ಪಡೆದ ಯಂತ್ರ ಕುದುರೆ ಗಾಡಿಯ ಮೇಲೆ ಮನೆಬಾಗಿಲಿಗೆ ಬರುವಷ್ಟು ದೊಡ್ಡದು. ಮನೆಯಲ್ಲೇ ಇಟ್ಟುಕೊಳ್ಳಬಹುದಾದ ಅಪ್‌ರೈಟ್‌ಗೆ ದಾರಿ ಮಾಡಿದವನು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನ ಪೇಟೆಂಟ್ 1908ರದು, ಅದನ್ನು ಕೊಂಡು ಬೆಳೆಸಿದ್ದು ಹೂವರ್ ಮನೆತನ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜಾರುಪಟ್ಟಿಗಳ ಮೇಲೆ ಸಾಗುವ ಸಿಲಿಂಡರ್ ತಂದಿತು, ಅದೇ ಮಾಡೆಲ್ ವಿ. 1926ರ ಹೂವರ್ 700ರಲ್ಲಿ ಕಾರ್ಪೆಟ್ಟನ್ನು ಬಡಿದು ದೂಳೆಬ್ಬಿಸುವ ಲೋಹದ ಪಟ್ಟಿಗಳು ರೋಲರಿಗೆ ಬಂದವು. ಹೆನ್ರಿ ಡ್ರೈಫಸ್ ವಿನ್ಯಾಸದ ಹೂವರ್ 150 (1936) ಮತ್ತು ಲುರೆಲ್ ಗಿಲ್ಡ್ ವಿನ್ಯಾಸದ ಎಲೆಕ್ಟ್ರೋಲಕ್ಸ್ ಎಕ್ಸ್‌ಎಕ್ಸ್‌ಎಕ್ಸ್ (1937) ಇಂದಿಗೂ ಸಂಗ್ರಾಹಕರು ಮುಗಿಬೀಳುವ ಜೋಡಿ.

ಮೊದಲ ಯಂತ್ರವಾಗಿ ಇವುಗಳ ಬೆನ್ನು ಹತ್ತಬೇಡಿ. ಯುದ್ಧಾನಂತರದ ಬ್ರಿಟಿಷ್ ಹೂವರ್ ಜೂನಿಯರ್ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಭಾರೀ ಸಂಖ್ಯೆಯಲ್ಲಿ ತಯಾರಾದ್ದರಿಂದ ಬೆಲೆ ಕೈಗೆಟಕುತ್ತದೆ, ಬೆಲ್ಟ್ ಮತ್ತು ಚೀಲ ಬ್ರಿಟನ್ನಿನಲ್ಲಿ ಈಗಲೂ ಸಿಗುತ್ತವೆ, ಅಲ್ಲಿನ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ. ಭಾರತದಲ್ಲೇ ಹುಡುಕುವವರಿಗೆ, ಕಾಲ ಈಚಿನದಾದರೂ, ಯುರೇಕಾ ಫೋರ್ಬ್ಸ್‌ನ ಮೊದಮೊದಲ ಯಂತ್ರಗಳಿವೆ. ಎಲೆಕ್ಟ್ರೋಲಕ್ಸ್ ಮತ್ತು ಫೋರ್ಬ್ಸ್ ಕ್ಯಾಂಪ್‌ಬೆಲ್ ಸೇರಿ 1982ರಲ್ಲಿ ಕಟ್ಟಿದ ಕಂಪನಿ ಅದು. ಮನೆಮನೆಗೆ ಹೋಗಿ ಮಾರಿದ ಯಂತ್ರಗಳಾದ್ದರಿಂದ ಎಷ್ಟೋ ಮನೆಗಳ ಅಟ್ಟದಲ್ಲಿ ನಳಿಕೆ, ಬ್ರಷ್ಷು ಸಮೇತ ಮೂಲ ಪೆಟ್ಟಿಗೆಯಲ್ಲೇ ಉಳಿದುಕೊಂಡಿವೆ.

ಕೊಳ್ಳುವಾಗ ಗಮನಿಸಬೇಕಾದವು

ಎಲ್ಲಕ್ಕಿಂತ ಮೊದಲು ಮೂಗಿಗೆ ಕೆಲಸ ಕೊಡಿ. ಮೋಟರಿನ ಗಾಳಿ ಹೊರಬರುವ ಕಡೆ ಸುಟ್ಟ ವಾರ್ನಿಷ್ ವಾಸನೆ ಇದ್ದರೆ ವೈಂಡಿಂಗ್ ಹೋಗಿದೆ ಎಂದೇ ಲೆಕ್ಕ. ಆಮೇಲೆ ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಿ ಗರಗರ ಸದ್ದು ಬಂದರೆ ಬೇರಿಂಗ್ ಸವೆದಿದೆ, ಅದು ಸುಲಭದ ಕೆಲಸ. ತಿರುಗದೇ ಇದ್ದರೆ ಬಲ ಹಾಕಬೇಡಿ. ಗಟ್ಟಿಯಾದ ಗ್ರೀಸೂ ಇರಬಹುದು, ಶಾಫ್ಟಿಗೆ ತುಕ್ಕೂ ಹಿಡಿದಿರಬಹುದು. ಅಪ್‌ರೈಟ್‌ಗಳಲ್ಲಿ ದೂಳು ನೇರವಾಗಿ ಫ್ಯಾನಿನ ಮೂಲಕವೇ ಹಾದು ಚೀಲಕ್ಕೆ ಹೋಗುತ್ತದೆ. ಹೇರ್‌ಪಿನ್ನು, ನಾಣ್ಯ ತಾಗಿ ರೆಕ್ಕೆ ಮುರಿದಿರುವುದು ಸಾಮಾನ್ಯ. ಒಂದೇ ಒಂದು ರೆಕ್ಕೆಯ ಚೂರು ಹಾರಿದ್ದರೂ ಇಡೀ ಯಂತ್ರ ನಡುಗಿ ಬೇರಿಂಗ್ ಮತ್ತೆ ಹಾಳಾಗುತ್ತದೆ.

ಸತುವಿನ ಎರಕದ ಭಾಗಗಳನ್ನು ಬೆಳಕಿಗೆ ಹಿಡಿದು ನೋಡಿ. ಮೈತುಂಬ ಕೂದಲೆಳೆಯ ಬಿರುಕು, ಅಲ್ಲಲ್ಲಿ ಊದಿಕೊಂಡ ಜಾಗ ಕಂಡರೆ ಬಿಟ್ಟುಬಿಡಿ. ಅದು ಲೋಹದ ಒಳಗಿನಿಂದಲೇ ಬಂದ ರೋಗ, ಅಂಟಿಗೂ ವೆಲ್ಡಿಂಗಿಗೂ ನಿಲ್ಲುವುದಿಲ್ಲ. ಇನ್ನೊಂದು ಮಾತು: ನಳಿಕೆ, ಮೂತಿ, ಚೀಲದ ಬಾಯಿಯ ಬಳೆ ಇಲ್ಲದ ಯಂತ್ರ ಅಗ್ಗಕ್ಕೆ ಸಿಕ್ಕರೂ ಅವನ್ನು ಬಿಡಿಯಾಗಿ ಹುಡುಕುವುದು ಮೋಟರ್ ಹುಡುಕುವುದಕ್ಕಿಂತ ಕಷ್ಟ.

ಇಸವಿ ತಿಳಿಯಲು ಯಂತ್ರದ ಮೈಗೆ ಬಡಿದ ಲೋಹದ ತಟ್ಟೆಯ ಮೇಲಿನ ಪೇಟೆಂಟ್ ದಿನಾಂಕಗಳನ್ನು ಓದಿ. ಯಂತ್ರ ಅವುಗಳಲ್ಲಿ ಕೊನೆಯದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ವೋಲ್ಟೇಜ್ ತಟ್ಟೆ ಓದುವುದು

ಈ ಯಂತ್ರಗಳಲ್ಲಿ ಇರುವುದು ಮಿಕ್ಸಿಯಲ್ಲಿರುವ ಜಾತಿಯದೇ ಯೂನಿವರ್ಸಲ್ ಮೋಟರ್: ತಿರುಗುವ ಆರ್ಮೇಚರ್, ಅದರ ತುದಿಯ ತಾಮ್ರಪಟ್ಟಿಗಳ ಕಮ್ಯುಟೇಟರ್, ಅದಕ್ಕೆ ಒತ್ತಿಕೊಂಡು ಕರೆಂಟ್ ಕೊಡುವ ಕಾರ್ಬನ್, ಸುತ್ತ ನಿಂತ ಫೀಲ್ಡ್ ಕಾಯಿಲ್. ಎಸಿಯಲ್ಲೂ ಡಿಸಿಯಲ್ಲೂ ಓಡುತ್ತದೆ. ಆದ್ದರಿಂದ ಅಮೆರಿಕದ 60 ಹರ್ಟ್ಸ್, ನಮ್ಮ 50 ಹರ್ಟ್ಸ್ ಎಂಬ ವ್ಯತ್ಯಾಸ ಬಾಧಿಸುವುದಿಲ್ಲ. ಬಾಧಿಸುವುದು ವೋಲ್ಟೇಜ್. ಹಳೆಯ ಬ್ರಿಟಿಷ್ ತಟ್ಟೆಗಳಲ್ಲಿ ಊರೂರಿಗೆ ತಕ್ಕಂತೆ ಬೇರೆ ಬೇರೆ ಅಂಕಿಗಳಿರುತ್ತವೆ. 230–250 ಎಂದಿದ್ದರೆ ನೇರವಾಗಿ ಓಡಿಸಬಹುದು. 200–210ರ ಮೋಟರನ್ನು ನಮ್ಮ 230ಕ್ಕೆ ಹಾಕಿದರೆ ವೇಗ ಹೆಚ್ಚಿ, ಕಾಯ್ದು, ಕಾರ್ಬನ್ ಬೇಗ ಸವೆಯುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಗ್ಯಾರೇಜ್ ಸೇಲ್‌ನಲ್ಲಿ ಕೊಂಡು ಊರಿಗೆ ತರುವ 110–120 ವೋಲ್ಟಿನ ಯಂತ್ರಗಳಿಗೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟ್ ಜಾಸ್ತಿ, ಹಾಗಾಗಿ ತಟ್ಟೆಯ ವ್ಯಾಟ್‌ನ ಒಂದೂವರೆ ಪಟ್ಟು ಸಾಮರ್ಥ್ಯದ್ದು ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕೇಳುವಾಗ ‘ಆಟೋ ಟ್ರಾನ್ಸ್‌ಫಾರ್ಮರ್ ಬೇಡ, ಎರಡು ಬೇರೆ ವೈಂಡಿಂಗ್ ಇರುವುದು ಕೊಡಿ’ ಎಂದು ಬಿಡಿಸಿ ಹೇಳಿ. ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಗೋಡೆಯ ಫೇಸ್‌ಗೂ ಯಂತ್ರಕ್ಕೂ ನೇರ ಸಂಪರ್ಕ ಹಾಗೇ ಉಳಿಯುತ್ತದೆ. ಹೇರ್ ಡ್ರೈಯರ್‌ಗೆಂದು ಮಾರುವ ಅಂಗೈಯಗಲದ ಎಲೆಕ್ಟ್ರಾನಿಕ್ ಕನ್ವರ್ಟರುಗಳಂತೂ ಮೋಟರಿಗೆ ಆಗುವುದೇ ಇಲ್ಲ.

ಬಿಚ್ಚುವುದು

ಹೊರಗೆ, ಗಾಳಿಯಾಡುವ ಕಡೆ, ಎನ್‌95 ಮಾಸ್ಕ್ ಹಾಕಿಕೊಂಡು ಶುರುಮಾಡಿ. ಚೀಲದಲ್ಲಿರುವುದು ಯಾರದೋ ಮನೆಯ ದಶಕಗಳ ದೂಳು. ಹಳೆಯ ಪೇಂಟಿನ ಸೀಸ, ಬೂಷ್ಟು ಏನು ಬೇಕಾದರೂ ಇರಬಹುದು.

ಪ್ರತಿ ಸ್ಕ್ರೂ ತೆಗೆಯುವ ಮೊದಲು ಒಂದು ಫೋಟೊ, ತೆಗೆದ ಮೇಲೆ ಒಂದು ಫೋಟೊ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಡಿ, ಉದ್ದದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ತಪ್ಪಾದ ತೂತಿಗೆ ಹೋದರೆ ಫೀಲ್ಡ್ ಕಾಯಿಲ್‌ಗೆ ಚುಚ್ಚಿಕೊಳ್ಳುತ್ತದೆ. ಹಿಡಿದುಕೊಂಡ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ತಲೆ ತುಂಬುವಷ್ಟು ಅಗಲದ ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಮೆಲ್ಲಗೆ ಎರಡು ಏಟು ಕೊಟ್ಟ ಮೇಲೆ ತಿರುಗಿಸಿ.

ಫ್ಯಾನಿನ ನಟ್ಟು ಎಡಮರೆ ಇರುವುದುಂಟು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಒಂದು ದಿಕ್ಕಿಗೆ ಜಗ್ಗದಿದ್ದರೆ ಕೂಡಲೇ ಉದ್ದದ ಸ್ಪ್ಯಾನರ್ ತರಬೇಡಿ, ಮರೆಯ ಓರೆ ಯಾವ ಕಡೆಗಿದೆ ಎಂದು ಭೂತಗನ್ನಡಿಯಲ್ಲಿ ನೋಡಿ. ತೆಗೆಯುವ ಮುಂಚೆ ಫ್ಯಾನು ಮತ್ತು ಶಾಫ್ಟ್ ಎರಡರ ಮೇಲೂ ಸೇರಿ ಒಂದು ಗೆರೆ ಎಳೆಯಿರಿ, ಹಿಂದಿದ್ದ ಕೋನದಲ್ಲೇ ಕೂರಿಸಿದರೆ ಬ್ಯಾಲೆನ್ಸ್ ಕೆಡುವುದಿಲ್ಲ. ಸಿಲಿಂಡರ್‌ಗಳಲ್ಲಿ ಎರಡು ಫ್ಯಾನುಗಳ ನಡುವೆ ತಿರುಗದ ತಟ್ಟೆಯೊಂದು, ಅದರ ಅಕ್ಕಪಕ್ಕ ತೆಳ್ಳನೆಯ ವಾಷರುಗಳು ಇರುತ್ತವೆ. ಒಂದು ವಾಷರ್ ಕಡೆ ಬದಲಾದರೂ ಫ್ಯಾನು ತಟ್ಟೆಗೆ ಉಜ್ಜುತ್ತದೆ.

ವೈರಿಂಗ್ ಮತ್ತು ಇನ್ಸುಲೇಷನ್

ಬಟ್ಟೆ ಹೊದೆಸಿದ ಹಳೆಯ ವೈರನ್ನು ಚೆನ್ನಾಗಿದೆ ಎನಿಸಿದರೂ ಬದಲಿಸಿ. ಹೊರಗೆ ಬಟ್ಟೆ ಗಟ್ಟಿಯಾಗಿರುತ್ತದೆ, ಒಳಗಿನ ರಬ್ಬರ್ ಮಾತ್ರ ಬಗ್ಗಿಸಿದ ಕಡೆಯಲ್ಲೆಲ್ಲ ಒಡೆದಿರುತ್ತದೆ. 230 ವೋಲ್ಟಿನ 500 ವ್ಯಾಟ್ ಯಂತ್ರ ಎಳೆಯುವುದು ಸುಮಾರು 2.2 ಆಂಪಿಯರ್, 0.75 ಚದರ ಮಿ.ಮೀ. ವೈರ್ ಧಾರಾಳ. 110–120 ವೋಲ್ಟಿನದಕ್ಕೆ 1 ಚದರ ಮಿ.ಮೀ. ಹಾಕಿ. ಹತ್ತಿ ನೂಲು ಹೆಣೆದ ಹೊಸ ವೈರ್ ಹಾಕಿದರೆ ನೋಟವೂ ಕೆಡುವುದಿಲ್ಲ. ಮೂಲ ವೈರನ್ನೂ ಪ್ಲಗ್ಗನ್ನೂ ಬಿಸಾಡದೆ ಚೀಟಿ ಕಟ್ಟಿ ಎತ್ತಿಡಿ, ಯಂತ್ರದ ಚರಿತ್ರೆಯಲ್ಲಿ ಅವೂ ಸೇರಿವೆ.

ಬಣ್ಣಗಳ ವಿಷಯದಲ್ಲಿ ಎಚ್ಚರ. ನಮ್ಮ ಮನೆಗಳ ವೈರಿಂಗಿನಲ್ಲಿ ಕಪ್ಪು ಎಂದರೆ ನ್ಯೂಟ್ರಲ್, ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. 1970ಕ್ಕೆ ಹಿಂದಿನ ಬ್ರಿಟಿಷ್ ಯಂತ್ರದಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊಸ ವೈರಿನ ಫೇಸ್ ಸ್ವಿಚ್ಚಿನ ಮೂಲಕವೇ ಹಾದುಹೋಗಬೇಕು. ಲೋಹದ ಮೈಯಿದ್ದೂ ಎರಡೇ ಎಳೆಯ ವೈರ್ ಇರುವ ಯಂತ್ರಗಳೇ ಹೆಚ್ಚು. ಅಂಥವಕ್ಕೆ ಮೂರೆಳೆಯ ವೈರ್ ಹಾಕಿ, ಪೇಂಟ್ ಕೆರೆದ ಜಾಗಕ್ಕೆ ಹಲ್ಲಿನ ವಾಷರ್ ಕೊಟ್ಟು ಅರ್ಥ್ ಬಿಗಿಯಿರಿ. ಕೆರೆಯುವ ಜಾಗ ಒಳಗಡೆ, ಕಣ್ಣಿಗೆ ಬೀಳದ ಕಡೆ ಇರಲಿ. ಪರೀಕ್ಷಿಸುವ ಸಾಕೆಟ್ಟಿಗೆ 30 ಮಿಲಿಆಂಪಿಯರಿನ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇಲ್ಲದೆ ಯಾವ ಯಂತ್ರವನ್ನೂ ಓಡಿಸಬೇಡಿ.

ಬಹಳ ಮಂದಿ ಕಡೆಗಣಿಸುವ ಭಾಗ ಕೆಪಾಸಿಟರ್. ರೇಡಿಯೊಗೆ ಗರಗರ ತಾಗದಿರಲಿ ಎಂದು ಕೂರಿಸಿದ ಕಾಗದದ ಕೆಪಾಸಿಟರುಗಳು ವಯಸ್ಸಾದಂತೆ ಸೋರುತ್ತವೆ. ಮೈ ಮುಟ್ಟಿದರೆ ಜುಮ್ ಎನ್ನಲು ಇವೇ ಮೊದಲ ಕಾರಣ. ಎರಡು ಲೈನುಗಳ ನಡುವೆ 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ದರ್ಜೆಯದು ಹಾಕಿ. ಲೈನಿನಿಂದ ಮೈಗೆ ಇರುವುದನ್ನು ವೈ2 ದರ್ಜೆಯದಕ್ಕೆ ಬದಲಿಸಿ, ಅದೂ ಅರ್ಥ್ ಕೊಟ್ಟಿದ್ದರೆ ಮಾತ್ರ. ಅರ್ಥ್ ಇಲ್ಲದಿದ್ದರೆ ಕತ್ತರಿಸಿ ತೆಗೆದುಬಿಡಿ, ಮೋಟರ್ ಅದಿಲ್ಲದೆಯೂ ಓಡುತ್ತದೆ.

ಈಗ 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಅಳೆಯಿರಿ. ಅಳೆಯುವಾಗ ಸ್ವಿಚ್ ಆನ್ ಇರಲಿ. ಎರಡೂ ಲೈನುಗಳನ್ನು ಒಟ್ಟಿಗೆ ಹಿಡಿದು, ಅವುಗಳಿಂದ ಮೈಗೆ ಕನಿಷ್ಠ 1 ಮೆಗಾಓಮ್ ತೋರಬೇಕು. ಅರ್ಥ್ ಇಲ್ಲದ ಯಂತ್ರಕ್ಕೆ 2. ಕಡಿಮೆ ಬಂದರೆ ವೈಂಡಿಂಗ್ ಹೋಯಿತೆಂದು ಗಾಬರಿಯಾಗಬೇಡಿ. ಕಾರ್ಬನ್ ಕೂರುವ ಗೂಡಿನ ಸುತ್ತ ಕಪ್ಪು ಪುಡಿ ಮೆತ್ತಿಕೊಂಡಿದ್ದರೆ ಕರೆಂಟು ಅದರ ಮೂಲಕವೇ ಮೈಗೆ ಹರಿಯುತ್ತದೆ. ಹಲ್ಲುಜ್ಜುವ ಬ್ರಷ್ಷು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್ ಹಿಡಿದು ತಿಕ್ಕಿ ತೆಗೆಯಿರಿ. ಆಮೇಲೆ ಮೋಟರನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಹಳೆಯ 100 ವ್ಯಾಟ್ ಬಲ್ಬಿನ ಕಾವಿಗೆ ಒಂದು ದಿನ ಒಣಗಲು ಬಿಡಿ, ಕಾವು 60–70 ಡಿಗ್ರಿ ದಾಟದಿರಲಿ. ಕರಾವಳಿ ಮಲೆನಾಡುಗಳಿಂದ ಬಂದ ಮೋಟರುಗಳು ಇಷ್ಟಕ್ಕೇ ಸರಿಹೋಗುವುದುಂಟು.

ಕಮ್ಯುಟೇಟರ್ ಮತ್ತು ಕಾರ್ಬನ್

ತಾಮ್ರದ ಪಟ್ಟಿಗಳ ಮೇಲೆ ಚಾಕೊಲೇಟ್ ಬಣ್ಣದ ನುಣುಪಾದ ಪದರ ಇದ್ದರೆ ಅದು ಆರೋಗ್ಯದ ಗುರುತು, ಉಜ್ಜಿ ತೆಗೆಯಬೇಡಿ. ಕರಕಲು, ಗೀರು ಇದ್ದರೆ ಮಾತ್ರ 400 ಮತ್ತು 600 ನಂಬರಿನ ಸ್ಯಾಂಡ್‌ಪೇಪರ್ ಹಿಡಿದು ಆರ್ಮೇಚರ್ ತಿರುಗಿಸುತ್ತ ಸವರಿ. ಎಮರಿಯನ್ನೂ ಸ್ಟೀಲ್ ಉಣ್ಣೆಯನ್ನೂ ಹತ್ತಿರ ತರಬೇಡಿ, ಅವುಗಳ ಚೂರು ಪಟ್ಟಿಗಳ ಸಂದಿಗೆ ಸಿಕ್ಕಿ ಶಾರ್ಟ್ ಮಾಡುತ್ತದೆ. ಕಾರ್ಬನ್ ಕೂರುವ ಜಾಗ ಕಾಲುವೆಯ ಹಾಗೆ ಸವೆದಿದ್ದರೆ ಪೇಪರಿನಿಂದ ಆಗದು, ಲೇಥಿಗೆ ಕೊಟ್ಟು ಆದಷ್ಟು ಕಡಿಮೆ ತೆಗೆಸಿ.

ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಅರ್ಧ ಮಿಲಿಮೀಟರಿನಷ್ಟು ತಗ್ಗಿರಬೇಕು. ಮೈಕಾ ತಾಮ್ರಕ್ಕಿಂತ ಗಟ್ಟಿ. ತಾಮ್ರ ಸವೆದು ಮೈಕಾ ಉಬ್ಬಿದರೆ ಕಾರ್ಬನ್ ಪ್ರತಿ ಸುತ್ತಿಗೂ ಎಗರಿ ಕಿಡಿ ಹಾರುತ್ತದೆ. ಅಂಚು ಸಾಣೆ ಹಿಡಿದು ತೆಳ್ಳಗೆ ಮಾಡಿದ ಹ್ಯಾಕ್ಸಾ ಬ್ಲೇಡಿನಿಂದ ಸಂದಿಗಳನ್ನು ಕೆರೆದು, ಕೊನೆಗೆ ಬೆಳಕಿನಲ್ಲಿ ಒಂದೊಂದನ್ನೂ ಪರೀಕ್ಷಿಸಿ.

ಮಲ್ಟಿಮೀಟರಿನಿಂದ ಅಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ಅಳೆಯುತ್ತ ಸುತ್ತಲೂ ಹೋಗಿ. ಎಲ್ಲ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಜೋಡಿಯಲ್ಲಿ ದಿಢೀರನೆ ಏರಿದರೆ ಸುರುಳಿ ಕಡಿದಿದೆ. ಅದಕ್ಕೆ ಹೊಂದಿದ ಪಟ್ಟಿಯ ಅಂಚು ಸುಟ್ಟಿರುವುದೂ ಕಾಣುತ್ತದೆ. ಬಹುಪಾಲು ಇದು ತಂತಿ ಪಟ್ಟಿಗೆ ಸೇರುವ ಬೆಸುಗೆಯಲ್ಲೇ ಆಗಿರುತ್ತದೆ, ಮತ್ತೆ ಬೆಸೆದರೆ ಮುಗಿಯಿತು. ಸೊನ್ನೆಗೆ ಇಳಿದರೆ ಶಾರ್ಟ್. ಸಂದಿಯ ಕೊಳೆ ತೆಗೆದೂ ಹಾಗೇ ಇದ್ದರೆ ರಿವೈಂಡಿಂಗ್.

ಕಾರ್ಬನ್ 8 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಬದಲಿಸಿ. ಅದೇ ಅಳತೆಯದು ಸಿಗದಿದ್ದರೆ ಮಿಕ್ಸಿ ಅಥವಾ ಡ್ರಿಲ್ ಮೆಷಿನ್ನಿನ ತುಸು ದಪ್ಪದ ಕಾರ್ಬನ್ ತಂದು ಗಾಜಿನ ಮೇಲೆ ಹಾಸಿದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅಳತೆಗೆ ತನ್ನಿ. ಗೂಡಿನಲ್ಲಿ ತನ್ನ ಭಾರಕ್ಕೇ ಜಾರಬೇಕು, ಆದರೆ ಅಲುಗಾಡಬಾರದು. ಕಾರ್ಬನ್ನಿನ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದಲು 400 ನಂಬರಿನ ಪೇಪರನ್ನು ಒರಟು ಮೈ ಹೊರಗಿರುವಂತೆ ಕಮ್ಯುಟೇಟರಿಗೆ ಸುತ್ತಿ, ಕಾರ್ಬನ್ ಒತ್ತಿ ಹಿಡಿದು ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಪುಡಿಯನ್ನು ಊದಿ ಹೊರಹಾಕಿ. ಹಳೆಯ ಕಾರ್ಬನ್ನನ್ನೇ ಮತ್ತೆ ಹಾಕುವುದಾದರೆ ಇದ್ದ ಗೂಡಿಗೆ, ಇದ್ದ ಮುಖವಾಗಿಯೇ ಹೋಗಬೇಕು.

ಬೇರಿಂಗ್

ಬೇರಿಂಗಿನ ಅಂಚಿನಲ್ಲಿ ನಂಬರ್ ಇರುತ್ತದೆ. ಅಳಿಸಿಹೋಗಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆಯಿರಿ: 8, 22, 7 ಮಿ.ಮೀ. ಬಂದರೆ 608; 10, 30, 9 ಆದರೆ 6200. ಹೊಸದು ತರುವಾಗ ಲೋಹದ ಮುಚ್ಚಳದ ಝಡ್‌ಝಡ್ ಬಗೆ ಕೇಳಿ, ಒಳಗೆ ತುಸು ಸಡಿಲ ಹೆಚ್ಚಿರುವ ಸಿ3 ಸಿಕ್ಕರೆ ಇನ್ನೂ ಒಳ್ಳೆಯದು. ಈ ಮೋಟರುಗಳು ಸಾಮಾನ್ಯವಾಗಿ ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ಹೋಗುತ್ತವೆ. ರಬ್ಬರ್ ಸೀಲಿನ 2ಆರ್‌ಎಸ್ ಬಗೆ ಆ ವೇಗದಲ್ಲಿ ಉಜ್ಜಿ ಬಿಸಿಯಾಗುತ್ತದೆ.

ಹಳೆಯದನ್ನು ಪುಲ್ಲರ್‌ನಿಂದ ಎಳೆಯಿರಿ. ಸುತ್ತಿಗೆಯ ಏಟಿಗೆ ಶಾಫ್ಟ್ ಬಾಗಿದರೆ ಕಣ್ಣಿಗೆ ಕಾಣದು, ನಡುಕದಲ್ಲಿ ತಿಳಿಯುತ್ತದೆ. ಶಾಫ್ಟಿಗೆ ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ, ಗೂಡಿಗೆ ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಮುಚ್ಚಳವಿಲ್ಲದ ಹಳೆಯ ಬೇರಿಂಗ್ ಚೆನ್ನಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಖಾಲಿ ಜಾಗದ ಮೂರನೇ ಒಂದು ಭಾಗದಷ್ಟು ಲಿಥಿಯಂ ಗ್ರೀಸ್ ತುಂಬಿ. ಹೆಚ್ಚು ತುಂಬಿದರೆ ಗ್ರೀಸ್ ಕಡೆದು ಕಾಯ್ದು ಕಮ್ಯುಟೇಟರಿಗೆ ಸಿಡಿಯುತ್ತದೆ. ಕಂಚಿನ ಬುಷ್ ಇರುವ ಕಡೆ ಸುತ್ತಲಿನ ಉಣ್ಣೆಬಟ್ಟೆಗೆ ಟರ್ಬೈನ್ ಎಣ್ಣೆ ಕುಡಿಸಿ. ಡಬ್ಲ್ಯುಡಿ-40 ತುಕ್ಕು ಬಿಡಿಸಲು ಸರಿ, ಬುಷ್ಷಿಗೆ ಅದು ಎಣ್ಣೆಯಾಗಿ ನಿಲ್ಲುವುದಿಲ್ಲ.

ಮೊದಲ ಓಟ

ಮೋಟರಿನೊಂದಿಗೆ ಸೀರೀಸಿನಲ್ಲಿ 100 ವ್ಯಾಟಿನ ಹಳೆಯ ಕಾಲದ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ನಡೆಯದು. ಸ್ವಿಚ್ ಹಾಕಿದಾಗ ಬಲ್ಬ್ ಜೋರಾಗಿ ಹೊತ್ತಿ, ಮೋಟರ್ ತಿರುಗತೊಡಗಿದಂತೆ ಮಂಕಾದರೆ ಎಲ್ಲ ಸರಿಯಿದೆ. ಪೂರ್ತಿ ಬೆಳಕಿನಲ್ಲೇ ನಿಂತು ಮೋಟರ್ ಅಲುಗದಿದ್ದರೆ ಶಾರ್ಟ್ ಆಗಿದೆ ಅಥವಾ ಎಲ್ಲೋ ಹಿಡಿದಿದೆ. ಬಲ್ಬೇ ಹೊತ್ತದಿದ್ದರೆ ಸ್ವಿಚ್ಚು, ಕಾರ್ಬನ್, ಕಡಿದ ವೈರು, ಈ ಕ್ರಮದಲ್ಲಿ ಹುಡುಕಿ. ಬಲ್ಬಿನಲ್ಲಿ ತಿರುಗುವಷ್ಟು ಕರೆಂಟ್ ಸಾಲದೆ ಬರೀ ಗುಂಯ್ ಎಂದರೆ 200 ವ್ಯಾಟ್ ಹಾಕಿ ನೋಡಿ.

ಹೀಗೆ ನಿಧಾನದ ವೇಗದಲ್ಲಿ ಅರ್ಧ ಗಂಟೆ ಓಡಿದರೆ ಕಾರ್ಬನ್ ಕೂರುತ್ತದೆ. ಆಮೇಲೆ ಪೂರ್ತಿ ವೋಲ್ಟೇಜಿಗೆ ಒಂದೊಂದೇ ನಿಮಿಷ. ಕಾರ್ಬನ್ ಅಡಿಯಲ್ಲಿ ಸಣ್ಣ ನೀಲಿ ಕಿಡಿ ಸಹಜ. ಹಳದಿ ಕಿಡಿ ಕಮ್ಯುಟೇಟರ್ ಸುತ್ತ ಬಳೆಯಂತೆ ಓಡಿದರೆ ತಕ್ಷಣ ನಿಲ್ಲಿಸಿ, ಓಮ್ ಅಳತೆಗೆ ಹಿಂದಿರುಗಿ.

ಪೈಪಿನ ಬಾಯಿ ಮುಚ್ಚಿದಾಗ ಮೋಟರಿನ ಸದ್ದು ಏರುವುದನ್ನು ಕೇಳಿ ‘ಪಾಪ, ಎಳೆಯಲಾರದೆ ಒದ್ದಾಡುತ್ತಿದೆ’ ಎಂದುಕೊಳ್ಳುವವರು ಬಹಳ. ನಡೆಯುವುದು ಅದರ ಉಲ್ಟಾ. ಗಾಳಿ ಸಾಗದಿದ್ದಾಗ ಫ್ಯಾನಿಗೆ ಕೆಲಸ ಕಡಿಮೆ, ಭಾರ ಇಳಿದ ಮೋಟರ್ ವೇಗ ಪಡೆಯುತ್ತದೆ. ಆದರೆ ಅದನ್ನು ತಂಪಾಗಿಡುವುದೂ ಅದೇ ಗಾಳಿಯಾದ ಸಿಲಿಂಡರ್‌ಗಳಲ್ಲಿ ಹೆಚ್ಚು ಹೊತ್ತು ಮುಚ್ಚಿಟ್ಟರೆ ವೈಂಡಿಂಗ್ ಕಾಯುತ್ತದೆ.

ಗಾಳಿಯ ದಾರಿ

ಎಳೆತ ಅಳೆಯಲು 4 ಮೀಟರ್ ಪಾರದರ್ಶಕ ಪೈಪನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಎರಡೂ ಕಾಲುಗಳಲ್ಲಿ 1 ಮೀಟರಿನಷ್ಟು ಬಣ್ಣದ ನೀರು ತುಂಬಿ. ಒಂದು ತುದಿಯನ್ನು ರಬ್ಬರ್ ಬಿರಡೆಯ ಮೂಲಕ ಯಂತ್ರದ ಬಾಯಿಗೆ ಕೊಡಿ. ಎರಡು ನೀರಿನ ಮಟ್ಟಗಳ ಅಂತರವೇ ಅಳತೆ. ಗಿಡ್ಡ ಪೈಪ್ ಹಾಕಿದರೆ ನೀರು ಸೀದಾ ಮೋಟರಿಗೆ ಏರುತ್ತದೆ. ಮೊದಲು ಯಂತ್ರದ ಬಾಯಿಯಲ್ಲಿ, ಆಮೇಲೆ ಹೋಸ್ ಪೈಪಿನ ತುದಿಯಲ್ಲಿ ಅಳೆಯಿರಿ. ನಡುವೆ ಕುಸಿದಷ್ಟೂ ಹೋಸ್ ಪೈಪ್ ಸೋರುತ್ತಿದೆ. ಎಲ್ಲಿ ಎಂದು ತಿಳಿಯಲು ತುದಿ ಮುಚ್ಚಿ ಉದ್ದಕ್ಕೂ ಊದುಬತ್ತಿ ಹಿಡಿಯಿರಿ, ಹೊಗೆ ಒಳಗೆ ಎಳೆದುಕೊಳ್ಳುವ ಜಾಗವೇ ತೂತು. ನೇಯ್ದ ಬಟ್ಟೆಯ ಹೋಸ್ ಪೈಪಿನ ಒಳಗಿನ ರಬ್ಬರ್ ಹೋಗಿದ್ದರೆ, ಎರಡು ತುದಿಯ ಲೋಹದ ಬಳೆ ಬಿಡಿಸಿ, ಹಳೆಯ ನೇಯ್ಗೆಯನ್ನು ಕಾಲುಚೀಲ ಕಳಚುವಂತೆ ಮೆಲ್ಲಗೆ ಜಾರಿಸಿ ಅದೇ ದಪ್ಪದ ಹೊಸ ಪೈಪಿಗೆ ತೊಡಿಸಿ.

ಬಟ್ಟೆಯ ಚೀಲವನ್ನು ನೀರಿಗೆ ಹಾಕುವ ಮೊದಲು ಒಳಹೊಲಿಗೆಯ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ. ಬಣ್ಣ ಅಂಟಿದರೆ ಒಗೆಯಬೇಡಿ, ಒಳಮೈ ಹೊರಗೆ ಮಾಡಿ ಇನ್ನೊಂದು ವ್ಯಾಕ್ಯೂಮಿನಿಂದ ಎಳೆದರೆ ಸಾಕು. ಒಗೆದ ಹತ್ತಿ ಚೀಲ ಕುಗ್ಗುತ್ತದೆ, ಗಂಜಿ ಹೋಗಿ ನೂಲು ಸಡಿಲವಾಗಿ ಸಣ್ಣ ದೂಳು ಹೊರಗೆ ಬರುತ್ತದೆ, ಅಚ್ಚಾದ ಹೆಸರು ಮಾಸುತ್ತದೆ.

ಹೊರಮೈ

ಇಲ್ಲಿ ಕೈ ತಡೆದಷ್ಟೂ ಒಳ್ಳೆಯದು. ಮೂಲ ಪೇಂಟು, ಡೆಕಾಲ್ (ಮೈಗೆ ಅಂಟಿಸಿದ ಅಚ್ಚಿನ ಚಿತ್ರ), ಸೀರಿಯಲ್ ನಂಬರಿನ ಅಚ್ಚು ಒಮ್ಮೆ ಹೋದರೆ ಹೋಯಿತು. ಡೆಕಾಲ್ ಮೇಲೆ ಥಿನ್ನರ್, ಸ್ಪಿರಿಟ್ ಬೇಡ, ಹದವಾದ ಸೋಪು ನೀರಿನ ಬಟ್ಟೆ ಸಾಕು. ಬೇಕಲೈಟನ್ನು ನೀರಲ್ಲಿ ನೆನೆಸಬೇಡಿ, ಒಣ ಸ್ಯಾಂಡಿಂಗ್ ಮಾಡಲೇಬೇಡಿ, ಹಳೆಯ ಬೇಕಲೈಟಿನಲ್ಲಿ ಆಸ್ಬೆಸ್ಟಾಸ್ ಬೆರೆತಿರಬಹುದು. ಬ್ರಾಸೊ ಹಚ್ಚಿದ ಮೆತ್ತನೆ ಬಟ್ಟೆಯಿಂದ ಉಜ್ಜಿ ಮೇಣ ಹಾಕಿದರೆ ಹೊಳಪು ಬರುತ್ತದೆ. ಬಟ್ಟೆ ಕಂದಾಗುವುದು ಸಹಜ.

ಬರಿಯ ಅಲ್ಯೂಮಿನಿಯಂ ಭಾಗಗಳಿಗೆ 400ರಿಂದ ಶುರುಮಾಡಿ 600, 1000, 1500ರ ವಾಟರ್ ಪೇಪರ್, ಕೊನೆಗೆ ಹತ್ತಿಯ ಚಕ್ರದಲ್ಲಿ ಬಫಿಂಗ್. ಪ್ರತಿ ಹಂತದಲ್ಲೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿ, ಹಿಂದಿನ ಗೆರೆ ಪೂರ್ತಿ ಮಾಯವಾದ ಮೇಲೆ ಮುಂದಿನ ಪೇಪರ್. ಬಫಿಂಗ್ ಅಂಗಡಿಗೆ ಕೊಡುವುದಾದರೆ ಅಕ್ಷರಗಳಿರುವ ಜಾಗಕ್ಕೆ ಟೇಪ್ ಅಂಟಿಸಿ, ‘ಇಲ್ಲಿ ಮುಟ್ಟಬೇಡಿ’ ಎಂದು ಬಾಯಲ್ಲೂ ಹೇಳಿ. ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ತಾಗಿದರೆ ಅಲ್ಯೂಮಿನಿಯಂ ಕಪ್ಪಾಗಿ ತಿನ್ನಿಸಿಕೊಳ್ಳುತ್ತದೆ.

ಎತ್ತಿಡುವಾಗ

ಅಪ್‌ರೈಟ್‌ನ ಬೆಲ್ಟ್ ಕಳಚಿಡಿ. ಬಿಗಿಯಲ್ಲೇ ಬಿಟ್ಟರೆ ಹಿಗ್ಗಿ ಜಾರುತ್ತದೆ. ಹೋಸ್ ಪೈಪನ್ನು ಮೊಳೆಗೆ ನೇತುಹಾಕದೆ ದೊಡ್ಡ ಸುರುಳಿಯಾಗಿ ಮಲಗಿಸಿ. ಮಳೆಗಾಲದಲ್ಲಿ ಮೋಟರಿನ ಹತ್ತಿರ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆ ಕಳೆದ ಮೇಲೆ ಓಡಿಸುವ ಮುನ್ನ ಮತ್ತೊಮ್ಮೆ ಮೆಗ್ಗರ್ ಹಿಡಿಯಿರಿ. ಮೆಗಾಓಮ್, ನೀರಿನ ಮಟ್ಟ, ಕಾರ್ಬನ್ನಿನ ಉದ್ದ, ಹಾಕಿದ ಬೇರಿಂಗ್ ನಂಬರ್, ಈ ನಾಲ್ಕನ್ನು ದಿನಾಂಕ ಸಮೇತ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ದಾರದಲ್ಲಿ ಕಟ್ಟಿ. ಅಂಟಿಸಬೇಡಿ, ಅಂಟು ಪೇಂಟನ್ನು ಎಬ್ಬಿಸುತ್ತದೆ.